ಪೆಪ್ಪರ್ ಸ್ಪ್ರೇ ಮತ್ತು ಆತ್ಮರಕ್ಷಣೆಯ ಹಕ್ಕಿನ ಮೇರೆ

ರಾತ್ರಿಯ ಕೆಲಸ ಮುಗಿಸಿ ಹುಮನಾಬಾದಿನ ಬಸ್ ನಿಲ್ದಾಣದಿಂದ ಊರಂಚಿನ ಬಡಾವಣೆಗೆ ಒಂಟಿಯಾಗಿ ನಡೆದುಹೋಗಬೇಕಾದ ದಾದಿಗೂ, ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾದವರೆಗೆ ಬಂದು ಹೆದ್ದಾರಿಯ ಬದಿಯಲ್ಲಿ ಬಸ್ಸಿಗಾಗಿ ಕಾಯುವ ವಿದ್ಯಾರ್ಥಿನಿಗೂ, ಕೈಚೀಲದಲ್ಲೊಂದು ಪೆಪ್ಪರ್ ಸ್ಪ್ರೇ ಇದ್ದರೆ ಮನಸ್ಸಿಗೆ ಧೈರ್ಯವೆಂದು ತೋರುವುದು ಸಹಜವೇ ಸರಿ. ಆದರೆ ಅದನ್ನು ಕೊಳ್ಳುವಾಗ ಬೆಲೆಯನ್ನೂ ಖಾರವನ್ನೂ ವಿಚಾರಿಸುವಷ್ಟು ಆಸ್ಥೆಯಿಂದ ಕಾನೂನನ್ನು ವಿಚಾರಿಸುವವರು ವಿರಳ. ವಿಚಾರಿಸದೆ ಬಳಸಿದರೆ, ರಕ್ಷಣೆಗೆಂದು ತಂದ ವಸ್ತುವೇ ತಂದವರನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಲ್ಲುದು.

ಇದು ಬರಿಯ ಊಹೆಯಲ್ಲ. ಬೆಂಗಳೂರಿನ ಖಾಸಗಿ ವಿವಾದವೊಂದರಲ್ಲಿ ಎದುರು ಪಕ್ಷದವರ ಮೇಲೆ ಪೆಪ್ಪರ್ ಸ್ಪ್ರೇ ಸಿಂಪಡಿಸಿದರೆಂಬ ಆಪಾದನೆಗೆ ಗುರಿಯಾದವರು, ತಾವು ಮಾಡಿದ್ದು ಆತ್ಮರಕ್ಷಣೆಯೆಂದೂ ಆದುದರಿಂದ ಪ್ರಕರಣವನ್ನು ರದ್ದುಪಡಿಸಬೇಕೆಂದೂ ಕರ್ನಾಟಕ ಉಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿದಾಗ, 2024ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಪ್ರಾರ್ಥನೆಯನ್ನು ಮನ್ನಿಸಲಿಲ್ಲ. ಅರ್ಜಿದಾರರ ಪ್ರಾಣಕ್ಕೆ ಸನ್ನಿಹಿತವಾದ ಅಪಾಯವಿದ್ದಂತೆ ಮೇಲ್ನೋಟಕ್ಕೆ ಕಾಣುವುದಿಲ್ಲವೆಂದೂ, ಈ ವಿಷಯದಲ್ಲಿ ನಮ್ಮ ದೇಶದಲ್ಲಿ ಸ್ಪಷ್ಟವಾದ ನಿರ್ಣಯವಿಲ್ಲದ್ದರಿಂದ ಅಮೆರಿಕದ ನ್ಯಾಯಾಲಯವೊಂದರ ತೀರ್ಪನ್ನು ಆಧರಿಸಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದು ಪರಿಗಣಿಸಬಹುದೆಂದೂ ಅವರು ಅಭಿಪ್ರಾಯಪಟ್ಟರು. ಅಂದು ಆರೋಪವಿದ್ದುದು ಭಾರತೀಯ ದಂಡ ಸಂಹಿತೆಯ ಕಲಂ 324ರ ಅಡಿಯಲ್ಲಿ. ಅದೇ ಅಪರಾಧವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 118(1) ಆಗಿದೆ. ಉಸಿರಾಡಿದರೆ ದೇಹಕ್ಕೆ ಹಾನಿಕರವಾದ ವಸ್ತುವಿನಿಂದ ನೋವುಂಟುಮಾಡುವುದೂ ಅದರ ವ್ಯಾಪ್ತಿಗೆ ಸೇರುತ್ತದೆ. ಶಿಕ್ಷೆ ಮೂರು ವರ್ಷದವರೆಗಿನ ಸೆರೆವಾಸ, ಅಥವಾ ಇಪ್ಪತ್ತು ಸಾವಿರ ರೂಪಾಯಿವರೆಗಿನ ದಂಡ, ಅಥವಾ ಎರಡೂ.

ಹಾಗೆಂದು ಹೆದರಿ ಕೈಕಟ್ಟಿ ಕುಳಿತುಕೊಳ್ಳಬೇಕೆಂದು ಯಾವ ಕಾನೂನೂ ವಿಧಿಸಿಲ್ಲ. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದು ಕಲ್ಯಾಣವೆನಿಸಿದ್ದ ಇದೇ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸುತ್ತ, ಕೊಲ್ಲಲು ಬಂದ ಆತತಾಯಿಯನ್ನು ಎದುರಿಸುವವನ ದೋಷಾದೋಷಗಳನ್ನು ಸೂಕ್ಷ್ಮವಾಗಿ ಚರ್ಚಿಸಿದ್ದನು. ಇಂದಿನ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗಿನ ವಿಧಿಗಳು ತನ್ನ ದೇಹವನ್ನಷ್ಟೇ ಅಲ್ಲದೆ ಪರರ ದೇಹವನ್ನೂ, ಕಳವು ಸುಲಿಗೆಗಳಿಂದ ಸ್ವತ್ತನ್ನೂ ಕಾಪಾಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿವೆ. ದೇಹಕ್ಕೆ ಅಪಾಯವಾಗುವುದೆಂಬ ಸಕಾರಣವಾದ ಭಯ ಹುಟ್ಟಿದೊಡನೆ ಈ ಹಕ್ಕು ಆರಂಭವಾಗುತ್ತದೆ; ಮೊದಲ ಪೆಟ್ಟು ಬೀಳುವವರೆಗೆ ಕಾಯಬೇಕಾಗಿಲ್ಲ. ಆದರೆ ಆ ಭಯವಿರುವವರೆಗೆ ಮಾತ್ರ ಅದು ಉಳಿಯುತ್ತದೆ. ಕಲಂ 37ರ ಪ್ರಕಾರ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲಾಗದು, ಅಧಿಕಾರಿಗಳ ರಕ್ಷಣೆ ಪಡೆಯಲು ಅವಕಾಶವಿದ್ದಾಗ ಈ ಹಕ್ಕು ಇರದು. ಸರ ಕಿತ್ತುಕೊಳ್ಳಲು ಬಂದವನ ಮುಖಕ್ಕೆ ಸಿಂಪಡಿಸುವುದು ರಕ್ಷಣೆ. ಅವನು ಕಣ್ಣು ಕಾಣದೆ ಕುಸಿದು ಬಿದ್ದ ಮೇಲೆಯೂ ಸಿಂಪಡಿಸುತ್ತಿರುವುದು ಪ್ರತೀಕಾರ. ನೆರೆಹೊರೆಯ ವಾಗ್ವಾದದಲ್ಲಿ, ಗಡಿಗೋಡೆಯ ಜಗಳದಲ್ಲಿ ಇದನ್ನು ಹೊರತೆಗೆಯುವುದಂತೂ ಸರ್ವಥಾ ಸಲ್ಲದು.

ಕೊಳ್ಳುವ ಸ್ಪ್ರೇಯ ಆಯ್ಕೆಯೂ ಈ ಮಿತಿಗೆ ಹೊಂದಬೇಕೆಂಬುದೇ ನನ್ನ ಮುಖ್ಯವಾದ ಮಾತು. 1959ರ ಆಯುಧ ಕಾಯಿದೆಯಲ್ಲಿ ಪೆಪ್ಪರ್ ಸ್ಪ್ರೇಯ ಹೆಸರಿಲ್ಲ. ಅಂಗಡಿಗಳಲ್ಲಿ ಇದನ್ನು ಲೈಸೆನ್ಸ್ ಕೇಳದೆಯೇ ಮಾರುತ್ತಾರೆ. ಆದರೆ ಹಾನಿಕರ ದ್ರವವನ್ನಾಗಲಿ ಅನಿಲವನ್ನಾಗಲಿ ಹೊರಸೂಸಲು ರಚಿಸಿದ ಆಯುಧಗಳನ್ನು ಅದೇ ಕಾಯಿದೆ ನಿಷಿದ್ಧಾಯುಧಗಳ ಸಾಲಿಗೆ ಸೇರಿಸಿರುವುದರಿಂದ, ಪಿಸ್ತೂಲಿನ ಆಕಾರದವನ್ನೂ ಅಶ್ರುವಾಯು ಬೆರೆಸಿದವನ್ನೂ ದೂರವಿಡುವುದು ಲೇಸು. ಮಂಜಿನಂತೆ ಹರಡುವ ಸಿಂಪಡಣೆಗಿಂತ ನೇರವಾದ ಧಾರೆಯಾಗಿಯೋ ಜೆಲ್ ಆಗಿಯೋ ಹೊಮ್ಮುವಂಥದನ್ನು ನಾನು ಮೇಲೆನ್ನುವೆನು; ಗುರಿ ಹಿಡಿಯಲು ತುಸು ಕಷ್ಟವಾದರೂ ಅದು ಗಾಳಿಗೆ ತಿರುಗಿ ನಮ್ಮ ಮುಖಕ್ಕೇ ಬರುವುದು ಕಡಿಮೆ, ಕಿಕ್ಕಿರಿದ ಬಸ್ಸಿನಲ್ಲಿ ನಿರಪರಾಧಿಗಳನ್ನು ಬಾಧಿಸುವುದೂ ಕಡಿಮೆ. ಮುಚ್ಚಿದ ಸ್ಥಳದಲ್ಲಿ ಇದರ ಪರಿಣಾಮವೇನೆಂಬುದನ್ನು 2014ರ ಫೆಬ್ರುವರಿ 13ರಂದು ದೇಶವೇ ಕಂಡಿತು: ತೆಲಂಗಾಣ ರಾಜ್ಯ ರಚನೆಯ ಮಸೂದೆಯ ಗದ್ದಲದಲ್ಲಿ ಸದಸ್ಯ ಎಲ್. ರಾಜಗೋಪಾಲ್ ಅವರು ಲೋಕಸಭೆಯೊಳಗೆ ಇದನ್ನು ಸಿಂಪಡಿಸಲು, ಸದಸ್ಯರು ಕೆಮ್ಮುತ್ತ ಹೊರಗೆ ಧಾವಿಸಿದರು, ಕೆಲವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು.

ಡಬ್ಬಿಯ ಮೇಲೆ ಬರೆದ ಮೆಣಸಿನ ಸಾರದ ಶೇಕಡಾ ಪ್ರಮಾಣವನ್ನೇ ನಂಬುವುದೂ ತಪ್ಪು. ಬ್ಯಾಡಗಿ ಮೆಣಸಿನಕಾಯಿ ಎಷ್ಟು ಕೆಂಪಾಗಿದ್ದರೂ ಖಾರದಲ್ಲಿ ಮೃದುವಾಗಿರುವಂತೆ, ಸಾರ ಅಧಿಕವಾದ ಮಾತ್ರಕ್ಕೆ ಉರಿ ಅಧಿಕವಾಗದು. ಉರಿಯ ಮೂಲ ಅದರೊಳಗಿನ ಕ್ಯಾಪ್ಸೈಸಿನ್. ಅದಕ್ಕಿಂತ ಗಮನಿಸಬೇಕಾದುದು ಅವಧಿ ಮುಗಿಯುವ ದಿನಾಂಕ ಮತ್ತು ಕತ್ತಲಲ್ಲಿಯೂ ಹೆಬ್ಬೆರಳಿಗೆ ಸುಲಭವಾಗಿ ಸಿಗುವ ಬೀಗ. ಒತ್ತಡ ತುಂಬಿದ ಡಬ್ಬಿಯನ್ನು ನಮ್ಮ ಸೀಮೆಯ ಬೇಸಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬಾರದು. ವಿಮಾನದ ಕೈಚೀಲದಲ್ಲಿ ಇದಕ್ಕೆ ಅವಕಾಶವಿಲ್ಲ. ಬ್ರಿಟನ್ನಿನಲ್ಲಿಯಂತೂ ಇದನ್ನು ಇಟ್ಟುಕೊಳ್ಳುವುದೇ ಅಪರಾಧ.

ಬಳಸಬೇಕಾಗಿ ಬಂದಲ್ಲಿ, ಆ ಸ್ಥಳದಿಂದ ಕೂಡಲೇ ಸರಿದು 112ಕ್ಕೆ ಕರೆಮಾಡಿ, ದೂರನ್ನು ತಾವೇ ಮೊದಲು ಕೊಡಬೇಕು. ಆತ್ಮರಕ್ಷಣೆಯೆಂಬುದನ್ನು ತೋರಿಸಿಕೊಡುವ ಹೊಣೆ ಹಾಗೆ ವಾದಿಸುವವರದೇ ಆದುದರಿಂದ, ವಿಳಂಬವು ಸಂದೇಹಕ್ಕೆ ಎಡೆಗೊಡುತ್ತದೆ. ಬಳಸಿದ ಡಬ್ಬಿಯನ್ನು ಎಸೆಯದೆ ಪೊಲೀಸರಿಗೆ ಒಪ್ಪಿಸಬೇಕು. ಮೈಮೇಲಿನ ಗಾಯಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿಕೊಳ್ಳಬೇಕು. ಒಂದು ಕಡೆ ಉಮರ್ಗಾ, ಮತ್ತೊಂದು ಕಡೆ ಜಹೀರಾಬಾದ್ ಎಂದು ಹೆದ್ದಾರಿ ನೆರೆರಾಜ್ಯಗಳಿಗೆ ಹಾಯುವ ಈ ಗಡಿಸೀಮೆಯಲ್ಲಿ ಘಟನೆ ಎಲ್ಲಿಯೇ ನಡೆದಿರಲಿ, ಕಾಗ್ನಿಜಬಲ್, ಎಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಅಪರಾಧದ ದೂರನ್ನು ಯಾವ ಠಾಣೆಯಾದರೂ ಸ್ವೀಕರಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ವಿಧಿಸುತ್ತದೆ. ಎಫ್‌ಐಆರ್‌ನ ಪ್ರತಿ ಉಚಿತ. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಬರೆಯಬಹುದು, ಅಲ್ಲಿಯೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರನ್ನು ಕಾಣಬಹುದು. ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಅವರ ಆದಾಯವೆಷ್ಟೇ ಇರಲಿ, ಉಚಿತ ನೆರವು ದೊರೆಯುತ್ತದೆ, ಅದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಸಲ್ಲಿಸಿಯೋ 15100 ಸಂಖ್ಯೆಗೆ ಕರೆಮಾಡಿಯೋ ಕೇಳಬಹುದು.