ಏಟು ತಿಂದ ಮೇಲೂ ಕಾಳಗ ಗೆಲ್ಲುವ ಸೂತ್ರಗಳು

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಕ್ಕೆ ಕೂರುವ ಹೊಸಬರು ಕತ್ತಿ, ಕವಚ, ಮಂತ್ರಗಳ ಪುಟಗಳನ್ನು ಅರೆದು ಕುಡಿದಿರುತ್ತಾರೆ. ಗಾಯದ ನಿಯಮವನ್ನು ಮಾತ್ರ ಏಟು ಬಿದ್ದ ಮೇಲೆ ಹುಡುಕುತ್ತಾರೆ. ನೀವು ಉಲ್ಟಾ ಮಾಡಿ.

1. ಮೊದಲು ಇದನ್ನು ಕೇಳಿ: ಗಾಯಗೊಂಡವನ ಡೈಸ್‌ಗೆ ಏನಾಗುತ್ತದೆ? 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಏನೂ ಆಗುವುದಿಲ್ಲ. 44 ಹಿಟ್ ಪಾಯಿಂಟ್ (ಜೀವಬಲದ ಅಂಕ) ಇದ್ದ ಯೋಧ ಒಂದಕ್ಕಿಳಿದರೂ ಕತ್ತಿಯ ಬಲ ಕುಗ್ಗದು. ಸೊನ್ನೆ ಮುಟ್ಟಿದಾಗ ಮಾತ್ರ ದೊಪ್ಪನೆ ಬೀಳುತ್ತಾನೆ.

2. ಹಾಗಿದ್ದಲ್ಲಿ ಎಲ್ಲರೂ ಸೇರಿ ಒಬ್ಬ ಶತ್ರುವಿನ ಮೇಲೇ ಬೀಳಿ. ಅರೆಜೀವವಾದ ನಾಲ್ವರು ನಾಲ್ಕು ಏಟು ಕೊಡುತ್ತಾರೆ; ಇಬ್ಬರನ್ನು ಪೂರ್ತಿ ಮುಗಿಸಿದರೆ ಎರಡೇ.

3. ಗಾಯ ಕಂಡ ಕೂಡಲೇ ಮದ್ದಿಗೆ ಓಡಬೇಡಿ. ಓಗರ್ ಎಂಬ ದೈತ್ಯನ ದೊಣ್ಣೆಯೇಟಿಗೆ ಸರಾಸರಿ 13 ಹಿಟ್ ಪಾಯಿಂಟ್ ಹೋಗುತ್ತವೆ. 2014ರ ನಿಯಮದಲ್ಲಿ ‘ಕ್ಯೂರ್ ವೂಂಡ್ಸ್’ ಮಂತ್ರವನ್ನು ಮೊದಲ ಮಟ್ಟದಲ್ಲಿ, ಮಂತ್ರಶಕ್ತಿಗೆ +3 ಇರುವವರು ಹಾಕಿದರೆ ಮರಳುವುದು ಸರಾಸರಿ ಏಳೂವರೆ. 2024ರಲ್ಲಿ ಈ ಮಂತ್ರಕ್ಕೆ ಇನ್ನೊಂದು ಡೈಸ್ ಸೇರಿ ಸರಾಸರಿ 12ಕ್ಕೇರಿತು. ಆಗಲೂ ಒಂದು ಕಡಿಮೆಯೇ. ಆ ಸರದಿಯಲ್ಲಿ ಓಗರ್‌ನನ್ನು ಹೊಡೆಯುವುದೇ ಒಳ್ಳೆಯ ಚಿಕಿತ್ಸೆ.

4. ಗೆಳೆಯ ಸೊನ್ನೆಗೆ ಬಿದ್ದನೋ, ಆಗ ತಡ ಮಾಡಬೇಡಿ. ಬಿದ್ದವನು ತನ್ನ ಸರದಿಗಳಲ್ಲಿ ಎಸೆಯುವ ಸಾವಿನ ಡೈಸ್‌ನಲ್ಲಿ ಮೂರು ಫೇಲಾದರೆ ಕಥೆ ಮುಗಿಯಿತು. ಪ್ರಜ್ಞೆ ತಪ್ಪಿದವನಿಗೆ ಐದು ಅಡಿಯೊಳಗಿಂದ ತಗಲಿದ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಒಮ್ಮೆಗೇ ಎರಡು ಫೇಲ್. ದೂರದಿಂದಲೇ ಹಾಕಬಹುದಾದ ‘ಹೀಲಿಂಗ್ ವರ್ಡ್’ ಮಂತ್ರವನ್ನು ಈ ಗಳಿಗೆಗೆಂದೇ ಉಳಿಸಿಕೊಳ್ಳಿ.

5. ಸ್ಯಾವೇಜ್ ವರ್ಲ್ಡ್ಸ್ ಎಂಬ ಆಟಕ್ಕೆ ಬಂದರೆ ಈ ಬುದ್ಧಿಯನ್ನೆಲ್ಲ ಬಾಗಿಲಾಚೆ ಬಿಟ್ಟು ಬನ್ನಿ. ಇಲ್ಲಿ ಒಂದೊಂದು ಗಾಯಕ್ಕೂ ಡೈಸ್‌ನಲ್ಲಿ ಒಂದು ಕಡಿತ, ಮೂರರವರೆಗೆ. ಲೆಕ್ಕ ಹಾಕಿ ನೋಡಿ: ಎಂಟು ಮುಖದ ಡೈಸ್‌ನ ನಾಯಕ, ಜೊತೆಗೆ ಆರು ಮುಖದ ವೈಲ್ಡ್ ಡೈ, ಹೊಡೆಯಲು ಬೇಕಾದದ್ದು 6. ಮೈಗೆ ಗಾಯವಿಲ್ಲದಾಗ ಏಟು ತಗಲುವ ಸಾಧ್ಯತೆ ಸುಮಾರು ಶೇ. 48. ಎರಡು ಗಾಯವಾದರೆ ಸುಮಾರು ಶೇ. 25. ಅರ್ಧ ಯೋಧನೇ ಹೋದ! ಆದ್ದರಿಂದ ‘ಬೆನ್ನಿ’ ಎಂಬ ಅದೃಷ್ಟದ ಟೋಕನ್‌ಗಳನ್ನು ಕೊನೆಗಿರಲಿ ಎಂದು ಕೂಡಿಡಬೇಡಿ. ಮೊದಲ ಗಾಯವನ್ನೇ ಅರಗಿಸಿಕೊಳ್ಳಲು ಖರ್ಚು ಮಾಡಿ.

6. ಗರ್ಪ್ಸ್ ಆಟದಲ್ಲಿ ಏಟು ಬಿದ್ದರೆ ಒಂದು ಸರದಿ ಸುಮ್ಮನಿರಿ. ಕಳೆದುಕೊಂಡ ಪ್ರತಿ ಹಿಟ್ ಪಾಯಿಂಟ್‌ಗೆ ಒಂದರಂತೆ, ಸಾಮಾನ್ಯವಾಗಿ ನಾಲ್ಕರವರೆಗೆ, ಕೌಶಲ ಕುಗ್ಗುತ್ತದೆ. ಆದರೆ ಮುಂದಿನ ಸರದಿಗಷ್ಟೇ, ಅಂದರೆ ಒಂದೇ ಸೆಕೆಂಡು. ರಕ್ಷಣೆಗೆ ಈ ಕಡಿತ ತಟ್ಟದು. ಆ ಸೆಕೆಂಡನ್ನು ರಕ್ಷಣೆಯಲ್ಲಿ ಕಳೆದು ಆಮೇಲೆ ಬೀಸಿ. ಗಾಯದ ನಿಯಮಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ: ನೋವೂ ಉಂಟು, ಸುಧಾರಿಸಿಕೊಳ್ಳಲು ದಾರಿಯೂ ಉಂಟು.

7. ಕಾಲ್ ಆಫ್ ಕ್ತುಲು? ಹೊಡೆದಾಟಕ್ಕೇ ಹೋಗಬೇಡಿ. ಹತ್ತು-ಹನ್ನೆರಡು ಹಿಟ್ ಪಾಯಿಂಟ್‌ನ ಮನುಷ್ಯರು ಅಲ್ಲಿ ಓಡಿದರೇ ಚೆಂದ.

8. ಸೋಲುವುದನ್ನೂ ಕಲಿಯಿರಿ. ಫೇಟ್ ಆಟದಲ್ಲಿ ಎದುರಾಳಿ ಡೈಸ್ ಎಸೆಯುವ ಮುನ್ನವೇ ಸೋಲೊಪ್ಪಿದರೆ ಫೇಟ್ ಪಾಯಿಂಟ್ ಸಿಗುತ್ತದೆ. ಆ ಕಾಳಗದಲ್ಲಿ ಉಂಡ ಗಾಯಗಳಿಗೂ ತಲಾ ಒಂದು. ಡೈಸ್ ಉರುಳಿತೋ, ಅವಕಾಶ ಹೋಯಿತು.

9. ಆಟ ನಡೆಸುವವರಿಗೆ: ‘ನೈಜವಾಗಿರಲಿ’ ಎಂದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಗಾಯದ ಕಡಿತ ತುರುಕಬೇಡಿ. ಮೊದಲ ಏಟು ತಿಂದವನ ಗುರಿ ತಪ್ಪುತ್ತದೆ, ಗುರಿ ತಪ್ಪಿದವನು ಮತ್ತೆ ಏಟು ತಿನ್ನುತ್ತಾನೆ. ಮೊದಲ ಸುತ್ತಿನಲ್ಲೇ ಕಾಳಗ ತೀರ್ಮಾನವಾದರೆ ಉಳಿದವರು ಚಿಪ್ಸ್ ತಿನ್ನುತ್ತ ಕೂರಬೇಕಷ್ಟೆ. ಗಾಯಕ್ಕೆ ಬೆಲೆ ಬೇಕೆಂದರೆ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಉಳಿದುಕೊಳ್ಳುವ ಗಾಯಗಳ ಐಚ್ಛಿಕ ಪಟ್ಟಿಯಿದೆ. ಅದನ್ನು ಬಳಸಿ, ಆಟಗಾರರಿಗೆ ಮೊದಲೇ ಹೇಳಿ ಬಳಸಿ.