ಡೇಟಾ ಖರ್ಚಿಲ್ಲದೆ ಪಾಠದ ಫೈಲ್ ಹಂಚಿ: ಲೋಕಲ್‌ಸೆಂಡ್ ಬಳಸುವುದು ಹೇಗೆ?

ಆಂಧ್ರಪ್ರದೇಶದ ಗಡಿ ಜಿಲ್ಲೆ ಅನಂತಪುರದ ಬೊಮ್ಮನಹಾಳ್, ರಾಯದುರ್ಗದ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಅವರಿಗೆ ಬೇಕಾದ ಪಾಠದ ವಿಡಿಯೊ ಒಬ್ಬ ಮೇಷ್ಟ್ರ ಮೊಬೈಲ್‌ನಲ್ಲಿದೆ ಎನ್ನಿ. ಪಕ್ಕದ ಕುರ್ಚಿಯಲ್ಲಿರುವ ಸಹೋದ್ಯೋಗಿಗೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಇಬ್ಬರ ಡೇಟಾವೂ ಖರ್ಚಾಗುತ್ತದೆ. ಹಿಂದೆ ಇದಕ್ಕೆ ಬಳಸುತ್ತಿದ್ದ ಶೇರ್‌ಇಟ್, ಜೆಂಡರ್ ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. ಆ ಜಾಗ ತುಂಬಬಲ್ಲ ಮುಕ್ತ ತಂತ್ರಾಂಶವೇ ಲೋಕಲ್‌ಸೆಂಡ್.

ಇದು ಏಕೆ ಬೇಕು?

ಒಂದೇ ವೈಫೈಗೆ ಸೇರಿದ ಸಾಧನಗಳು ಪರಸ್ಪರ ನೇರವಾಗಿ ಫೈಲ್ ಕೊಟ್ಟು ತೆಗೆದುಕೊಳ್ಳುವಂತೆ ಮಾಡುವುದೇ ಇದರ ಉದ್ದೇಶ. ನಡುವೆ ಯಾವ ಕಂಪನಿಯ ಸರ್ವರ್ ಕೂಡ ಇಲ್ಲ. ಖಾತೆ ತೆರೆಯಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ, ಹಣ ಕೊಡಬೇಕಿಲ್ಲ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಫೈಲ್‌ಗಳು ಗೂಢಲಿಪೀಕರಣಗೊಂಡೇ ಸಾಗುತ್ತವೆ.

ಬಳಸುವ ಹಂತಗಳು

1. ಎರಡೂ ಸಾಧನಗಳಲ್ಲಿ ಲೋಕಲ್‌ಸೆಂಡ್ ಹಾಕಿಕೊಳ್ಳಿ. ಮೊಬೈಲ್‌ಗೆ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಲ್ಲಿ ಸಿಗುತ್ತದೆ. ಇಂಟರ್ನೆಟ್ ಬೇಕಾಗುವುದು ಈ ಒಂದು ಹಂತಕ್ಕೆ ಮಾತ್ರ.

2. ಶಾಲೆಯಲ್ಲಿ ವೈಫೈ ಇಲ್ಲದಿದ್ದರೆ ಒಂದು ಆಂಡ್ರಾಯ್ಡ್ ಮೊಬೈಲ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಉಳಿದವರು ಅದಕ್ಕೆ ಸೇರಿಕೊಳ್ಳಿ. ಹಾಟ್‌ಸ್ಪಾಟ್ ಕೊಟ್ಟವರು ಮೊಬೈಲ್ ಡೇಟಾ ಆಫ್ ಮಾಡಿದರೆ ಬೇರೆಯವರ ಆ್ಯಪ್‌ಗಳು ಅವರ ಪ್ಯಾಕ್ ಖಾಲಿ ಮಾಡುವುದಿಲ್ಲ.

3. ಪಡೆಯುವವರು ಆ್ಯಪ್ ತೆರೆದಿಟ್ಟಿರಲಿ. ‘ರಿಸೀವ್’ ಪುಟದಲ್ಲಿ ಅವರ ಸಾಧನಕ್ಕೆ ಆ್ಯಪ್ ತಾನೇ ಇಟ್ಟ, ಹಣ್ಣು ಅಥವಾ ತರಕಾರಿಯ ಹೆಸರು ಸೇರಿದ ಇಂಗ್ಲಿಷ್ ಹೆಸರು ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಗುರುತು ಸಿಗುವಂತೆ ಬದಲಿಸಿಕೊಳ್ಳಿ.

4. ಕಳಿಸುವವರು ‘ಸೆಂಡ್’ ಒತ್ತಿ ಫೈಲ್ ಅಥವಾ ಇಡೀ ಫೋಲ್ಡರ್ ಆರಿಸಿ, ಪಟ್ಟಿಯಲ್ಲಿ ಕಾಣುವ ಹೆಸರನ್ನು ಮುಟ್ಟಿ. ಹಲವರಿಗೆ ಒಟ್ಟಿಗೆ ಕಳಿಸಬೇಕಿದ್ದರೆ ಅದಕ್ಕೂ ಆಯ್ಕೆ ಇದೆ.

5. ಆ ಕಡೆಯವರು ‘ಅಕ್ಸೆಪ್ಟ್’ ಒತ್ತಿದ ಕೂಡಲೇ ಫೈಲ್ ಬರತೊಡಗುತ್ತದೆ. ಫೋಟೊ, ವಿಡಿಯೊಗಳ ಗುಣಮಟ್ಟ ಕುಂದುವುದಿಲ್ಲ.

ಹೆಸರು ಕಾಣದಿದ್ದರೆ

ಇಬ್ಬರೂ ಒಂದೇ ವೈಫೈನಲ್ಲಿದ್ದೀರಾ ಎಂದು ಮೊದಲು ನೋಡಿ. ಕಂಪ್ಯೂಟರ್ ವಿಂಡೋಸ್ ಆಗಿದ್ದರೆ ಆ ವೈಫೈಯನ್ನು ‘ಪಬ್ಲಿಕ್’ ಬದಲು ‘ಪ್ರೈವೇಟ್’ ಎಂದು ಗುರುತಿಸಿ, ಫೈರ್‌ವಾಲ್‌ನಲ್ಲಿ ಲೋಕಲ್‌ಸೆಂಡ್‌ಗೆ ಅನುಮತಿ ಕೊಡಿ. ಅದು ಬಳಸುವ ಪೋರ್ಟ್ 53317. ಕೆಲವು ರೂಟರ್‌ಗಳು ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುತ್ತವೆ. ಆಗ ಹಾಟ್‌ಸ್ಪಾಟ್ ಬಳಸುವುದೇ ಸುಲಭ.

ಎಚ್ಚರಿಕೆ

ಕೇಳದೆಯೇ ಫೈಲ್ ಸ್ವೀಕರಿಸುವ ‘ಕ್ವಿಕ್ ಸೇವ್’ ಆಯ್ಕೆ ಆಫ್ ಆಗಿರಲಿ. ಅಪರಿಚಿತರು ಕಳಿಸಿದ ಫೈಲ್ ಒಪ್ಪಿಕೊಳ್ಳಬೇಡಿ, ಅದರಲ್ಲೂ ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲ್‌ಗಳನ್ನು ಮುಟ್ಟಲೇಬೇಡಿ. ಹಾಟ್‌ಸ್ಪಾಟ್‌ಗೆ ಪಾಸ್‌ವರ್ಡ್ ಇಡಿ.

ಗಡಿಭಾಗದಲ್ಲಿ ಕನ್ನಡದ ಪಾಠಸಾಮಗ್ರಿ ಒಬ್ಬರ ಬಳಿ ಉಳಿದರೆ ಸಾಲದು, ಅದು ಪಕ್ಕದ ಶಾಲೆಗೂ ತಲುಪಬೇಕು. ಶಿಕ್ಷಕರೇ, ನಿಮ್ಮ ಮುಂದಿನ ಸಭೆಗೆ ಹೋಗುವ ಮುನ್ನ ಈ ಆ್ಯಪ್ ಹಾಕಿಕೊಳ್ಳಿ, ನಿಮ್ಮಲ್ಲಿರುವುದನ್ನು ಅಲ್ಲಿ ಎಲ್ಲರಿಗೂ ಹಂಚಿ.