ನ್ಯೂಜಿಲೆಂಡ್‌ನಲ್ಲಿ ಇಂಗ್ಲಿಷ್: ಏಜೆಂಟರ ಮಾತು ನಂಬಲೇ?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಕ್ವೀನ್ಸ್‌ಟೌನ್‌ನಲ್ಲಿ ಆರು ತಿಂಗಳು ಇಂಗ್ಲಿಷ್ ಕಲಿಯುವಾಸೆ. ವಿಸಿಟರ್ ವೀಸಾ ಸಾಕು, ದುಡಿದು ಖರ್ಚು ಹೊಂದಿಸಬಹುದು ಎನ್ನುತ್ತಾರೆ ಏಜೆಂಟರು. ಅಪ್ಪ ಜಮೀನು ಅಡವಿಡಲು ಸಿದ್ಧರಿದ್ದಾರೆ.
– ಓದುಗಿ, ದಾವಣಗೆರೆ

ಉತ್ತರ: ಏಜೆಂಟರು ಹೇಳಿದ್ದು ತಪ್ಪು. ವಿಸಿಟರ್ ವೀಸಾದಲ್ಲಿ ಮೂರು ತಿಂಗಳವರೆಗೆ ಮಾತ್ರ ಓದಬಹುದು. ಅಲ್ಲಿನ ಅಂಗಡಿ, ಹೋಟೆಲುಗಳಲ್ಲಿ ದುಡಿಯುವಂತಿಲ್ಲ. ಆರು ತಿಂಗಳಿಗೆ ಸ್ಟೂಡೆಂಟ್ ವೀಸಾ ಬೇಕೇ ಬೇಕು. ಅದಕ್ಕೆ ಶುಲ್ಕವಲ್ಲದೆ ಜೀವನವೆಚ್ಚಕ್ಕೆ ತಿಂಗಳಿಗೆ 1,667 ನ್ಯೂಜಿಲೆಂಡ್ ಡಾಲರ್, ಅಂದರೆ ಆರು ತಿಂಗಳಿಗೆ ಸುಮಾರು 10 ಸಾವಿರ ಡಾಲರ್ ತೋರಿಸಬೇಕು. ಎಲ್ಲ ಭಾಷಾ ಕೋರ್ಸುಗಳಿಗೂ ಕೆಲಸದ ಅನುಮತಿ ಸಿಗುವುದಿಲ್ಲ. ಸಂಬಳ ನೆಚ್ಚಿಕೊಂಡು ಜಮೀನು ಅಡವಿಡಬೇಡಿ.

ಕ್ವೀನ್ಸ್‌ಟೌನ್ ಸರೋವರ, ಹಿಮಪರ್ವತಗಳ ಚೆಂದದ ಊರು ನಿಜ, ಆದರೆ ಬಾಡಿಗೆ ಬಲು ದುಬಾರಿ. ಆಕ್ಲೆಂಡ್, ಕ್ರೈಸ್ಟ್‌ಚರ್ಚ್‌ಗಳನ್ನೂ ವಿಚಾರಿಸಿ. ಶಾಲೆಗೆ ಅಲ್ಲಿನ ಅರ್ಹತಾ ಪ್ರಾಧಿಕಾರದ (ಎನ್‌ಝಡ್‌ಕ್ಯೂಎ) ಮಾನ್ಯತೆ ಇದೆಯೇ ಎಂದು ಅದರ ಜಾಲತಾಣದಲ್ಲೇ ನೋಡಿ. ಹಣ ಕಟ್ಟುವ ಮೊದಲು ಆಫರ್ ಪತ್ರದ ಮರುಪಾವತಿ ಷರತ್ತು ಓದಿ: ವೀಸಾ ನಿರಾಕರಣೆಯಾದರೆ ಎಷ್ಟು ಮುರಿದುಕೊಳ್ಳುತ್ತಾರೆ, ಉಳಿದದ್ದು ಯಾವಾಗ ಕೊಡುತ್ತಾರೆ? ಏಜೆಂಟರ ಖಾತೆಗೆ ಹಾಕದೆ ನೇರ ಶಾಲೆಗೇ ಕಟ್ಟಿ. ಆರೋಗ್ಯ ಮತ್ತು ಪ್ರಯಾಣ ವಿಮೆ ಕಡ್ಡಾಯ.

ನನ್ನ ಕೇಳಿದರೆ, ಮೊದಲು ಊರಲ್ಲೇ ಮೂರು ತಿಂಗಳು ಮಾತಾಡುವ ಅಭ್ಯಾಸ ಮಾಡಿ, ಆಮೇಲೆ ಹತ್ತು–ಹನ್ನೆರಡು ವಾರಗಳ ಕೋರ್ಸಿಗೆ ಹೋಗಿ. ಅಪ್ಪನ ಜಮೀನೂ ಉಳಿಯುತ್ತದೆ. ಹಿಂದೆ ಯಾವುದೇ ದೇಶ ವೀಸಾ ನಿರಾಕರಿಸಿದ್ದರೆ ಅದನ್ನು ಮುಚ್ಚಿಡದೆ, ಅರ್ಜಿಗೆ ಮುನ್ನವೇ ನ್ಯೂಜಿಲೆಂಡ್ ಪರವಾನಗಿ ಇರುವ ವಲಸೆ ಸಲಹೆಗಾರರನ್ನು ಕಾಣಿ.